ಅಲ್ಲಿನ ಚಳಿಗಾಲ, ನಮ್ಮ ಕಕ್ಕಡ: ಮಗಳ ಮಂಕು ಬರೀ ಮನೆಯ ನೆನಪೇ?

ಪ್ರಶ್ನೆ: ನಾವು ಕೊಡಗಿನ ಸುಂಟಿಕೊಪ್ಪದ ಕಡೆಯ ರೋಬಸ್ಟಾ ಕಾಫಿ ಬೆಳೆಗಾರರು. 27 ವರ್ಷದ ಮಗಳು ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ನರ್ಸ್ ಆಗಿದ್ದಾಳೆ. ಇದು ಅಲ್ಲಿ ಅವಳ ಎರಡನೆಯ ಚಳಿಗಾಲ. ಕಳೆದ ವರ್ಷ ನವೆಂಬರ್‌ನಲ್ಲಿ ಮಂಕಾದವಳು ಏಪ್ರಿಲ್ ಕಳೆಯುವ ಹೊತ್ತಿಗೆ ತಾನಾಗಿ ಸರಿಹೋದಳು. ಈ ಸಲ ಮತ್ತೆ ಅದೇ ಆಗಿದೆ. ರಜೆಯ ದಿನ ಹನ್ನೊಂದು ಗಂಟೆ ಮಲಗಿದರೂ ಸುಸ್ತು ಎನ್ನುತ್ತಾಳೆ. ಊಟ ಬಿಟ್ಟು ಬ್ರೆಡ್ಡು, ಚಾಕಲೇಟು ತಿಂದು ಐದು ಕಿಲೋ ಏರಿದ್ದಾಳಂತೆ. ಮೊನ್ನೆ ‘ಅಪ್ಪಾ, ಇಲ್ಲಿ ಬೆಳಕೇ ಇಲ್ಲ’ ಎಂದು ಅತ್ತಳು. ‘ಜಡಿಮಳೆಯ ಕಕ್ಕಡ ತಿಂಗಳಲ್ಲಿ ನಾವು ಸೂರ್ಯನ ಮುಖ ನೋಡದೆ ಇರುವುದಿಲ್ಲವೇ, ಇನ್ನೊಂದು ತಿಂಗಳು ತಡೆದುಕೋ, ಬಿಸಿಲು ಬಂದೇ ಬರುತ್ತದೆ’ ಎಂದೆ. ಅಂದಿನಿಂದ ನನ್ನ ಹತ್ತಿರ ಹೆಚ್ಚು ಮಾತನಾಡುತ್ತಿಲ್ಲ. ಇದು ಮನೆಯ ನೆನಪೋ, ಕಾಯಿಲೆಯೋ? ಸ್ನೇಹಿತರ ಮಗ ಅಲ್ಲಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ವಿಟಮಿನ್ ಡಿ 60,000 ಯುನಿಟ್‌ನ ಸಾಶೆಗಳನ್ನು ಕಳಿಸಬೇಕೆಂದಿದ್ದೇವೆ. ಯಾವುದೋ ದೀಪದ ಮುಂದೆ ಕುಳಿತರೆ ವಾಸಿಯಾಗುತ್ತದೆಂದೂ ಕೇಳಿದ್ದೇವೆ. ಮನಸ್ಸಿನ ಕಾಯಿಲೆಯ ಮಾತ್ರೆ ಅಭ್ಯಾಸವಾಗಿಬಿಡುತ್ತದೆ, ಕೆಲಸಕ್ಕೂ ಮದುವೆಗೂ ತೊಂದರೆ ಎಂಬ ಭಯವಿದೆ. ಕೆಲಸ ಬಿಡಿಸಿ ಕರೆಸಿಕೊಳ್ಳೋಣ ಎಂದು ಇವಳ ತಾಯಿ ಹಟ ಹಿಡಿದಿದ್ದಾಳೆ.

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವುಗಳ ಕೆಳಗೆ ಇರುವ ಆತಂಕ ಎರಡು ಎಂದು ನನಗೆ ಅನಿಸುತ್ತದೆ. ಮಗಳಿಗೆ ಬಂದಿರುವುದು ಚಿಕಿತ್ಸೆ ಬೇಕಾದ ಕಾಯಿಲೆಯೋ ಅಥವಾ ಗಟ್ಟಿ ಮನಸ್ಸು ಮಾಡಿದರೆ ದಾಟಬಹುದಾದ ಬೇಸರವೋ ಎಂಬುದು ಮೊದಲನೆಯದು. ನೀವು ಧೈರ್ಯ ಹೇಳಲೆಂದು ಆಡಿದ ಮಾತಿಗೆ ಆಕೆ ಏಕೆ ಮೌನವಾದಳು ಎಂಬುದು ಎರಡನೆಯದು. ಈ ಎರಡಕ್ಕೂ ಉತ್ತರ ಒಂದೇ ಕಡೆ ಸಿಗುತ್ತದೆ. ಆದ್ದರಿಂದ ಕಕ್ಕಡದಿಂದಲೇ ಆರಂಭಿಸುತ್ತೇನೆ.

ಮಡಿಕೇರಿಯಲ್ಲಿ ಮನೋವೈದ್ಯನಾಗಿ ಇಪ್ಪತ್ತಕ್ಕೂ ಹೆಚ್ಚು ಮಳೆಗಾಲಗಳನ್ನು ಕಳೆದಿರುವ ನನಗೆ ನಿಮ್ಮ ಹೋಲಿಕೆ ಸಹಜವಾಗಿಯೇ ಕಾಣುತ್ತದೆ. ಬಟ್ಟೆ ಒಣಗದೆ ಒಲೆಯ ಮೇಲೆ ಹರವಿಕೊಳ್ಳುವ, ಮಧ್ಯಾಹ್ನ ಮೂರಕ್ಕೇ ದೀಪ ಹಚ್ಚುವ ಆ ತಿಂಗಳುಗಳನ್ನು ಕಂಡವರಿಗೆ ಪರದೇಶದ ಚಳಿಗಾಲ ಹೊಸದಲ್ಲ ಎನಿಸುತ್ತದೆ. ಆದರೆ ನಮ್ಮ ಕತ್ತಲೆ ಮೋಡದ ಕತ್ತಲೆ, ಅಲ್ಲಿಯದು ಹಗಲೇ ಕುಗ್ಗಿ ಬರುವ ಕತ್ತಲೆ. ಕೊಡಗು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು ಹನ್ನೆರಡೂವರೆ ಡಿಗ್ರಿಯಲ್ಲಿದೆ. ಡಿಸೆಂಬರ್‌ನ ಅತಿ ಚಿಕ್ಕ ಹಗಲು ನಮಗೆ ಹನ್ನೊಂದೂವರೆ ಗಂಟೆಗೆ ಸ್ವಲ್ಪ ಕಡಿಮೆ, ಜೂನ್‌ನ ಅತಿ ದೊಡ್ಡ ಹಗಲು ಹದಿಮೂರು ಗಂಟೆಗೆ ಸ್ವಲ್ಪ ಕಡಿಮೆ. ಇಡೀ ವರ್ಷದ ಏರುಪೇರು ಒಂದೂವರೆ ಗಂಟೆಯನ್ನೂ ಮುಟ್ಟುವುದಿಲ್ಲ. ಅದರಲ್ಲೂ ನಮ್ಮ ಜಡಿಮಳೆ ಬರುವುದು ಹಗಲು ದೊಡ್ಡದಾಗಿರುವ ತಿಂಗಳುಗಳಲ್ಲೇ. ಅಬರ್ಡೀನ್ ಇರುವುದು 57 ಡಿಗ್ರಿಯಲ್ಲಿ. ಜೂನ್‌ನಲ್ಲಿ ಸುಮಾರು ಹದಿನೆಂಟು ಗಂಟೆ ಹಗಲಿರುವ ಆ ಊರಿನಲ್ಲಿ ಡಿಸೆಂಬರ್ ಮೂರನೆಯ ವಾರ ಸೂರ್ಯ ಬೆಳಿಗ್ಗೆ ಎಂಟೂಮುಕ್ಕಾಲರ ಹೊತ್ತಿಗೆ ಹುಟ್ಟಿ ಮಧ್ಯಾಹ್ನ ಮೂರೂವರೆಗೆ ಮುಳುಗುತ್ತಾನೆ. ಈಗ, ಫೆಬ್ರವರಿ ಮಧ್ಯದಲ್ಲಿ, ಹಗಲು ಒಂಬತ್ತೂವರೆ ಗಂಟೆಯಷ್ಟಾಗಿದೆ, ನಿಜ. ಆದರೆ ಹನ್ನೆರಡು ಗಂಟೆಯ ಹಗಲು ಪಾಳಿಗೆ ಹೋಗುವ ನರ್ಸ್ ಸೂರ್ಯ ಹುಟ್ಟುವ ಮೊದಲೇ ವಾರ್ಡಿನೊಳಗೆ ಹೋಗಿ, ಮುಳುಗಿ ಎಷ್ಟೋ ಹೊತ್ತಾದ ಮೇಲೆ ಹೊರಗೆ ಬರುತ್ತಾಳೆ. ‘ಇಲ್ಲಿ ಬೆಳಕೇ ಇಲ್ಲ’ ಎಂದು ಆಕೆ ಹೇಳಿದ್ದು ದೂರಲ್ಲ, ವರದಿ.

ಇನ್ನೊಂದು ವಿಷಯ. ಬೆಳಕಿನ ತೀವ್ರತೆಯನ್ನು ಲಕ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಫೆಬ್ರವರಿಯ ಮಧ್ಯಾಹ್ನ ನಿಮ್ಮ ಕಾಫಿ ಕಣದ ಮೇಲೆ ಬೀಳುವ ನೇರ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ದೀಪ ಹಾಕಿದ ಮನೆಯ ಕೋಣೆಯಲ್ಲಿ ಸಾಮಾನ್ಯವಾಗಿ ನೂರರಿಂದ ಮುನ್ನೂರು. ನಮ್ಮ ಕಣ್ಣು ಕತ್ತಲಿಗೂ ಬೆಳಕಿಗೂ ಬೇಗ ಹೊಂದಿಕೊಳ್ಳುವುದರಿಂದ ಇಷ್ಟು ದೊಡ್ಡ ಅಂತರ ನಮಗೆ ಗೊತ್ತೇ ಆಗುವುದಿಲ್ಲ. ಒಂದು ಜುಲೈನಲ್ಲಿ ಕುತೂಹಲಕ್ಕೆಂದು ಲಕ್ಸ್ ಮೀಟರ್ ಹಿಡಿದು ನಮ್ಮ ಮನೆಯಲ್ಲೇ ಅಳೆದು ನೋಡಿದ್ದೆ. ಟ್ಯೂಬ್‌ಲೈಟ್ ಉರಿಯುತ್ತಿದ್ದ ಹಾಲ್‌ನಲ್ಲಿ ಮುಳ್ಳು ನೂರರ ಆಸುಪಾಸಿನಲ್ಲೇ ನಿಂತಿತ್ತು. ಕೊಡೆ ಹಿಡಿದು ಅಂಗಳಕ್ಕೆ ಇಳಿದ ಕೂಡಲೇ, ಎದುರಿನ ಗುಡ್ಡ ಕಾಣದಷ್ಟು ಮಂಜು ಮುಸುಕಿದ್ದರೂ, ಅದು ಸಾವಿರಗಳಿಗೆ ಏರಿತು. ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಗದ್ದೆಗೆ ಇಳಿದು ನಾಟಿ ಮಾಡುವವರಿಗೆ, ಏಡಿ ಹಿಡಿಯಲು, ಎಳೆ ಬಿದಿರಿನ ಕಣಿಲೆ ಮುರಿಯಲು ಹೋಗುವವರಿಗೆ, ಕಕ್ಕಡ ಹದಿನೆಂಟಕ್ಕೆ ಮದ್ದು ಸೊಪ್ಪು ಕೊಯ್ದು ತರುವವರಿಗೆ ತಮಗೆ ತಿಳಿಯದೆಯೇ ಈ ಬೆಳಕು ಸಿಗುತ್ತಿತ್ತು. ನಮ್ಮ ಹಿರಿಯರು ಕಕ್ಕಡವನ್ನು ದಾಟಿದ್ದು ಗಟ್ಟಿ ಮನಸ್ಸಿನಿಂದ ಮಾತ್ರವಲ್ಲ. ಹೊರಗೆ ದುಡಿಯುವ ಹಗಲು, ಸಂಜೆ ಒಲೆಯ ಸುತ್ತ ಜನ, ಎರಡೂ ಅವರಿಗಿತ್ತು. ನಿಮ್ಮ ಮಗಳಿಗೆ ಈ ಎರಡೂ ಇಲ್ಲ.

ನಮ್ಮಲ್ಲೂ ಮಳೆಗಾಲದಲ್ಲಿ ಕುಗ್ಗುವವರು ಇದ್ದಾರೆ, ಅವರಲ್ಲಿ ಬಾಗಿಲು ಮುಚ್ಚಿ ಮನೆಯೊಳಗೇ ಉಳಿಯುವ ವಯಸ್ಸಾದವರನ್ನೇ ನಾನು ಹೆಚ್ಚಾಗಿ ನೋಡುತ್ತೇನೆ. 2018ರ ಆಗಸ್ಟ್‌ನ ಭೂಕುಸಿತದ ನಂತರ ಜೋರು ಮಳೆಯ ಸದ್ದಿಗೇ ನಿದ್ದೆಗೆಡುವವರೂ ಇದ್ದಾರೆ. ಅದು ಬೆಳಕಿನ ಕೊರತೆಯಲ್ಲ, ಕಂಡ ಅನಾಹುತದ ಗಾಯ. ಅದರ ಚಿಕಿತ್ಸೆಯೇ ಬೇರೆಯಾದ್ದರಿಂದ ಇಲ್ಲಿ ಬೆರೆಸುವುದಿಲ್ಲ.

ಈಗ ಕಾಯಿಲೆಯ ವಿಚಾರ. ಪ್ರತಿ ವರ್ಷ ಚಳಿಗಾಲದ ಆರಂಭದಲ್ಲಿ ಬಂದು ವಸಂತದಲ್ಲಿ ಹೋಗುವ ಖಿನ್ನತೆಯನ್ನು ಅಮೆರಿಕದಲ್ಲಿ ನಾರ್ಮನ್ ರೋಸೆಂಥಾಲ್ ಎಂಬ ಮನೋವೈದ್ಯರು ಮತ್ತು ಅವರ ಸಹೋದ್ಯೋಗಿಗಳು 1984ರಲ್ಲಿ ವಿವರವಾಗಿ ದಾಖಲಿಸಿದರು. ಸ್ವತಃ ರೋಸೆಂಥಾಲ್ ಬಿಸಿಲಿನ ದಕ್ಷಿಣ ಆಫ್ರಿಕಾದಿಂದ ವಲಸೆ ಬಂದವರು. ಇದನ್ನು ಋತುಮಾನದ ಖಿನ್ನತೆ ಎನ್ನುತ್ತೇವೆ. ಸಾಮಾನ್ಯ ಖಿನ್ನತೆಯಲ್ಲಿ ನಿದ್ದೆಯೂ ಹಸಿವೂ ಕಡಿಮೆಯಾಗುವುದೇ ಹೆಚ್ಚು. ಇದರಲ್ಲಿ ಬಹಳ ಮಂದಿಗೆ ತದ್ವಿರುದ್ಧವಾಗಿ ನಿದ್ದೆ ಹೆಚ್ಚುತ್ತದೆ, ಸಿಹಿ ಮತ್ತು ಹಿಟ್ಟಿನ ಪದಾರ್ಥಗಳ ಆಸೆ ಹೆಚ್ಚುತ್ತದೆ, ತೂಕ ಏರುತ್ತದೆ, ಕೈಕಾಲು ಸೀಸದಂತೆ ಭಾರವೆನಿಸುತ್ತದೆ. ನೀವು ಬರೆದ ಲಕ್ಷಣಗಳು ಇದಕ್ಕೆ ಬಹಳ ಹತ್ತಿರವಾಗಿವೆ. ಯೌವನದಲ್ಲಿರುವವರಿಗೆ, ಅದರಲ್ಲೂ ಮಹಿಳೆಯರಿಗೆ, ಇದು ಹೆಚ್ಚಾಗಿ ಬರುತ್ತದೆ ಎಂಬುದೂ ಹೊಂದುತ್ತದೆ. ಹಾಗೆಂದು ಪತ್ರ ಓದಿ ರೋಗ ನಿರ್ಧರಿಸುವುದು ಸರಿಯಲ್ಲ. ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗಿದ್ದರೆ, ರಕ್ತಹೀನತೆಯಿದ್ದರೆ, ಬಿ12 ಕಡಿಮೆಯಿದ್ದರೆ ಇದೇ ಸುಸ್ತು, ಇದೇ ಮಂಕು ಕಾಣಬಹುದು. ಆಕೆ ತನ್ನ ಜಿ.ಪಿ.ಯನ್ನು, ಎಂದರೆ ಅಲ್ಲಿ ತಾನು ನೋಂದಾಯಿಸಿಕೊಂಡಿರುವ ವೈದ್ಯರನ್ನು, ಕಂಡು ಒಂದು ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಮೊದಲ ಹೆಜ್ಜೆ.

ಮನೆಯ ನೆನಪಿನ ಪಾಲು ಇಲ್ಲವೇ ಎಂದರೆ ಖಂಡಿತ ಇದೆ. ಆದರೆ ಮನೆಯ ನೆನಪಿಗೆ ಕ್ಯಾಲೆಂಡರ್ ಗೊತ್ತಿರುವುದಿಲ್ಲ. ಅದು ನಮ್ಮ ಹಬ್ಬಗಳಾದ ಕೈಲ್ ಪೊಳ್ದಿಗೂ ಬರುತ್ತದೆ, ಪುತ್ತರಿಗೂ ಬರುತ್ತದೆ, ಜೂನ್‌ನ ಬೆಳ್ಳನೆ ಸಂಜೆಯಲ್ಲೂ ಬರುತ್ತದೆ. ಎರಡು ವರ್ಷ ಸತತವಾಗಿ ನವೆಂಬರ್‌ನಲ್ಲೇ ಬಂದು, ಮೊದಲ ವರ್ಷ ಏಪ್ರಿಲ್‌ನಲ್ಲಿ ತಾನಾಗಿ ಹೋಗಿರುವುದು ಬೆಳಕಿನ ಕಡೆಗೇ ಬೆರಳು ತೋರಿಸುತ್ತದೆ.

ಬೆಳಕಿಗೂ ಮನಸ್ಸಿಗೂ ಏನು ಸಂಬಂಧವೆಂದು ಕೇಳಬಹುದು. ಕಣ್ಣಿನ ಒಳಪರದೆಯಲ್ಲಿ ನೋಟಕ್ಕೆಂದು ಇರುವ ಕೋಶಗಳಲ್ಲದೆ, ಹೊರಗೆ ಹಗಲೋ ರಾತ್ರಿಯೋ ಎಂಬ ಸುದ್ದಿಯನ್ನು ಮಾತ್ರ ಮಿದುಳಿಗೆ ಮುಟ್ಟಿಸುವ ಕೆಲವು ವಿಶೇಷ ಕೋಶಗಳಿವೆ. ಈ ಶತಮಾನದ ಆರಂಭದಲ್ಲಷ್ಟೇ ಅವು ವಿಜ್ಞಾನಿಗಳಿಗೆ ಸ್ಪಷ್ಟವಾಗಿ ತಿಳಿದವು. ಮಿದುಳಿನ ಬುಡದಲ್ಲಿರುವ ಗಡಿಯಾರ ಆ ಸುದ್ದಿಯ ಮೇಲೆ ನಮ್ಮ ನಿದ್ದೆ, ಹಸಿವು, ಮೈಯ ಉಷ್ಣಾಂಶಗಳ ವೇಳೆಯನ್ನು ಹೊಂದಿಸುತ್ತದೆ, ರಾತ್ರಿಯ ಹಾರ್ಮೋನ್ ಆದ ಮೆಲಟೋನಿನ್ ಯಾವಾಗ ಸುರಿಯಬೇಕು, ಯಾವಾಗ ನಿಲ್ಲಬೇಕು ಎಂದು ಹೇಳುತ್ತದೆ. ಬೆಳಗಿನ ಪ್ರಬಲ ಬೆಳಕು ಸಿಗದಿದ್ದರೆ ಕೆಲವರಲ್ಲಿ ಆ ಗಡಿಯಾರ ಹಿಂದೆ ಬೀಳುತ್ತದೆ. ಅಲಾರಾಂ ಹೊಡೆದು ಎದ್ದು ಕೆಲಸಕ್ಕೆ ಹೋದರೂ ದೇಹ ಇನ್ನೂ ನಡುರಾತ್ರಿಯಲ್ಲೇ ಇರುತ್ತದೆ. ಸೆರೊಟೋನಿನ್ ಎಂಬ ರಾಸಾಯನಿಕದ ಏರುಪೇರಿನ ಪಾಲೂ ಇರಬಹುದು. ಎಲ್ಲರಿಗೂ ಹೀಗಾಗುವುದಿಲ್ಲ. ಅದೇ ವಾರ್ಡಿನ ಇನ್ನೊಬ್ಬಳು ನಗುತ್ತಾ ಓಡಾಡುತ್ತಿರಬಹುದು. ಅದು ಮೈಯ ಗುಣದ ವ್ಯತ್ಯಾಸವೇ ಹೊರತು ಧೈರ್ಯದ ವ್ಯತ್ಯಾಸವಲ್ಲ.

ವಿಟಮಿನ್ ಡಿ ವಿಚಾರದಲ್ಲಿ ಬಹಳ ಜನ, ಕೆಲವೊಮ್ಮೆ ವೈದ್ಯರೂ, ಎರಡು ಬೇರೆ ಬಾಗಿಲುಗಳನ್ನು ಒಂದೆಂದು ತಿಳಿಯುತ್ತಾರೆ. ವಿಟಮಿನ್ ಡಿ ತಯಾರಾಗುವುದು ಚರ್ಮದಲ್ಲಿ, ಬಿಸಿಲಿನ ನೇರಳಾತೀತ ಕಿರಣದಿಂದ. ಮನಸ್ಸಿನ ಗಡಿಯಾರ ತಿರುಗುವುದು ಕಣ್ಣಿನಿಂದ, ಕಾಣುವ ಬೆಳಕಿನಿಂದ. ಗಾಜಿನ ಕಿಟಕಿಯ ಬಳಿ ಕುಳಿತರೆ ಎರಡನೆಯದು ಸಿಗುತ್ತದೆ, ಮೊದಲನೆಯದು ಸಿಗುವುದಿಲ್ಲ. ಅಕ್ಟೋಬರ್‌ನಿಂದ ಮಾರ್ಚ್ ಆರಂಭದವರೆಗೆ ಬ್ರಿಟನ್ನಿನ ಬಿಸಿಲಿನಲ್ಲಿ ವಿಟಮಿನ್ ಡಿ ಆಗುವಷ್ಟು ಶಕ್ತಿಯಿರುವುದಿಲ್ಲ. ಅಲ್ಲಿನ ಸರ್ಕಾರವೇ ಆ ತಿಂಗಳುಗಳಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ, ಎಂದರೆ 400 ಯುನಿಟ್, ಸೇವಿಸುವುದನ್ನು ಯೋಚಿಸಿ ಎಂದು ಎಲ್ಲರಿಗೂ ಹೇಳುತ್ತದೆ. ನಮ್ಮಂತಹ ಕಂದು ಚರ್ಮದವರು ವರ್ಷವಿಡೀ ಸೇವಿಸುವುದು ಒಳ್ಳೆಯದೆನ್ನುತ್ತದೆ. ಆದ್ದರಿಂದ ಆಕೆ ಅಲ್ಲಿನ ಅಂಗಡಿಯಲ್ಲೇ ಸಿಗುವ ಆ ಸಣ್ಣ ಮಾತ್ರೆಯನ್ನು ಎಲುಬಿಗಾಗಿ, ಸ್ನಾಯುಗಳಿಗಾಗಿ ತೆಗೆದುಕೊಳ್ಳಲಿ. ಆದರೆ ಅದರಿಂದಲೇ ಈ ಖಿನ್ನತೆ ಹೋಗುತ್ತದೆಂಬುದಕ್ಕೆ ಭರವಸೆಯ ಆಧಾರವಿಲ್ಲ.

ಸಾಶೆಗಳನ್ನು ದಯವಿಟ್ಟು ಕಳಿಸಬೇಡಿ. ಒಂದು ಸಾಶೆಯಲ್ಲಿರುವ 60,000 ಯುನಿಟ್ ಎಂದರೆ ನಾನು ಮೇಲೆ ಹೇಳಿದ ದಿನದ ಪ್ರಮಾಣದ 150 ಪಟ್ಟು. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡಾಗ ವಾರಕ್ಕೊಂದರಂತೆ, ಇಷ್ಟು ವಾರ ಎಂದು ಲೆಕ್ಕ ಹಾಕಿ ಕೊಡುವ ಔಷಧಿ ಅದು. ‘ವಾರಕ್ಕೊಂದು’ ಎಂದು ಬರೆದುಕೊಟ್ಟದ್ದನ್ನು ‘ದಿನಕ್ಕೊಂದು’ ಎಂದು ತಿಳಿದು ಹಾಲಿಗೆ ಕದಡಿ ತಿಂಗಳುಗಟ್ಟಲೆ ಕುಡಿದವರನ್ನು ನಾನು ನೋಡಿದ್ದೇನೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿ, ಮಲಬದ್ಧತೆ, ಗೊಂದಲ ಶುರುವಾಗಿ, ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು. ಆ ಗೊಂದಲವನ್ನೇ ಮಾನಸಿಕ ಕಾಯಿಲೆಯೆಂದು ತಿಳಿದು ನನ್ನ ಬಳಿ ಕರೆತಂದಿದ್ದರು.

ಇನ್ನು ದೀಪ. ಇದು ಮೂಢನಂಬಿಕೆಯಲ್ಲ, ಹಾಗೆಂದು ಮಾಯೆಯೂ ಅಲ್ಲ. ಬೆಳಕಿನ ಚಿಕಿತ್ಸೆಗೆಂದೇ ತಯಾರಾದ, 10,000 ಲಕ್ಸ್ ಕೊಡುವ, ನೇರಳಾತೀತ ಕಿರಣವನ್ನು ಸೋಸಿದ ಬಿಳಿ ಬೆಳಕಿನ ಪೆಟ್ಟಿಗೆಯ ಮುಂದೆ, ಎದ್ದ ಒಂದು ಗಂಟೆಯೊಳಗೆ, ದಿನವೂ ಅರ್ಧ ಗಂಟೆ ಕುಳಿತುಕೊಳ್ಳುವುದು ಕ್ರಮ. ದೀಪವನ್ನೇ ದಿಟ್ಟಿಸಬೇಕಾಗಿಲ್ಲ. ಅದನ್ನು ಸ್ವಲ್ಪ ಓರೆಯಾಗಿಟ್ಟು, ಕಣ್ಣು ತೆರೆದುಕೊಂಡು ಕಾಫಿ ಕುಡಿಯಬಹುದು, ಓದಬಹುದು. 10,000 ಲಕ್ಸ್ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ ಸಾಲದು, ಎಷ್ಟು ದೂರದಲ್ಲಿ ಅಷ್ಟು ಬೆಳಕು ಎಂಬುದನ್ನು ಓದಿ, ಅಷ್ಟೇ ದೂರದಲ್ಲಿ ಕೂರಬೇಕು. ಅಗ್ಗದ ಪುಟ್ಟ ದೀಪಗಳಲ್ಲಿ ಅದು ಮುಖಕ್ಕೆ ಒಂದು ಗೇಣಿನಷ್ಟು ಹತ್ತಿರವಿದ್ದರೆ ಮಾತ್ರ ನಿಜವಾಗಿರುತ್ತದೆ. ಇದು ಫಲ ಕೊಡುವವರಲ್ಲಿ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ವ್ಯತ್ಯಾಸ ಕಾಣುತ್ತದೆ. ಕೆನಡಾದಲ್ಲಿ 96 ಮಂದಿಯ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಎಂಟು ವಾರಗಳ ಅಧ್ಯಯನದಲ್ಲಿ ಬೆಳಕು ಮತ್ತು ಫ್ಲುಯಾಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆ ಸಮಸಮವಾಗಿ ಫಲ ಕೊಟ್ಟವು, ಎರಡೂ ಗುಂಪುಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರ ಸ್ಥಿತಿ ಗಮನಾರ್ಹವಾಗಿ ಸುಧಾರಿಸಿತು. ಆದರೆ ಇಂತಹ ಅಧ್ಯಯನಗಳು ಚಿಕ್ಕವು. ಬ್ರಿಟನ್ನಿನ ಆರೋಗ್ಯ ವ್ಯವಸ್ಥೆ ಆಧಾರ ಅನಿಶ್ಚಿತವೆಂದು ಹೇಳಿ ಈ ದೀಪವನ್ನು ಸಾಮಾನ್ಯವಾಗಿ ತಾನೇ ಕೊಡುವುದಿಲ್ಲ, ಸ್ವಂತ ದುಡ್ಡಿನಲ್ಲಿ ಕೊಳ್ಳಬೇಕಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಅಪಾಯ ಕಡಿಮೆಯಿರುವ, ಬೇಗ ಫಲ ತಿಳಿಯುವ ಈ ಪ್ರಯತ್ನ ಮಾಡಿ ನೋಡಲು ತಕ್ಕದ್ದು.

ಅಪಾಯ ಕಡಿಮೆ ಎಂದರೆ ಇಲ್ಲವೆಂದಲ್ಲ. ತಲೆನೋವು, ಕಣ್ಣುರಿ, ವಾಕರಿಕೆ ಮೊದಲ ದಿನಗಳಲ್ಲಿ ಬರಬಹುದು, ಸಮಯ ಕಡಿಮೆ ಮಾಡಿದರೆ ಹೋಗುತ್ತದೆ. ಸಂಜೆ ಕುಳಿತರೆ ರಾತ್ರಿಯ ನಿದ್ದೆ ಕೆಡುತ್ತದೆ. ಕಣ್ಣಿನ ಒಳಪರದೆಯ ಕಾಯಿಲೆಯಿರುವವರು, ಮೊಡವೆಗೆಂದು ಡಾಕ್ಸಿಸೈಕ್ಲಿನ್‌ನಂತಹ ಬಿಸಿಲು ಸೂಕ್ಷ್ಮತೆ ಹೆಚ್ಚಿಸುವ ಮಾತ್ರೆ ನುಂಗುತ್ತಿರುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಆಕೆಗಾಗಲಿ ಹತ್ತಿರದ ರಕ್ತಸಂಬಂಧಿಗಳಿಗಾಗಲಿ ಎಂದಾದರೂ ನಿದ್ದೆಯೇ ಬೇಡವೆನಿಸುವಂತಹ ವಿಪರೀತ ಉತ್ಸಾಹ, ಮಾತು, ಖರ್ಚಿನ ಅವಧಿ ಬಂದಿತ್ತೇ ಎಂಬ ಪ್ರಶ್ನೆ. ಬೈಪೋಲಾರ್ ಕಾಯಿಲೆಯ ಒಲವು ಇರುವವರಿಗೆ ಬೆಳಕೂ, ಖಿನ್ನತೆಯ ಮಾತ್ರೆಗಳೂ ಆ ಉದ್ರೇಕವನ್ನು ಎಬ್ಬಿಸಬಲ್ಲವು. ಇದನ್ನು ಮನೆಯವರು ಮುಚ್ಚಿಡುವುದೇ ಹೆಚ್ಚು. ನಿಮ್ಮ ಕುಟುಂಬದಲ್ಲಿ ಅಂತಹವರು ಇದ್ದರೆ ಮಗಳಿಗೆ ಸ್ಪಷ್ಟವಾಗಿ ಹೇಳಿ. ರಾತ್ರಿ ಪಾಳಿ ಇರುವ ವಾರಗಳಲ್ಲಿ ದೀಪದ ವೇಳೆಯ ಲೆಕ್ಕವೇ ಬೇರೆಯಾಗುತ್ತದೆ. ಹಗಲು ಪಾಳಿಯನ್ನಷ್ಟೇ ಕೆಲವು ವಾರ ಕೊಡಿ ಎಂದು ಉದ್ಯೋಗಿಗಳ ಆರೋಗ್ಯ ವಿಭಾಗದ ಮೂಲಕ ಕೇಳುವ ದಾರಿ ಅಲ್ಲಿನ ಆಸ್ಪತ್ರೆಗಳಲ್ಲಿದೆ.

ದೀಪಕ್ಕಿಂತಲೂ ಸರಳವಾದದ್ದು ರಜೆಯ ದಿನ ಹೊರಗೆ ನಡೆಯುವುದು. ಮೋಡ ಕವಿದ ಉತ್ತರದ ಆಕಾಶ ಕೂಡ ಕೋಣೆಯ ದೀಪಕ್ಕಿಂತ ಎಷ್ಟೋ ಪಟ್ಟು ಬೆಳಕು ಕೊಡುತ್ತದೆ. ಹನ್ನೊಂದು ಗಂಟೆ ಮಲಗುವವಳಿಗೆ ಬೆಳಿಗ್ಗೆ ಎದ್ದು ನಡೆಯುವುದೇ ಬೆಟ್ಟ ಹತ್ತಿದಂತೆ ಎಂಬುದು ನನಗೆ ಗೊತ್ತು. ಆದ್ದರಿಂದಲೇ ಅದನ್ನು ಉಪದೇಶವಾಗಿ ಹೇಳದೆ, ಒಬ್ಬ ಗೆಳತಿಯನ್ನು ಜೊತೆ ಮಾಡಿಕೊಳ್ಳಲು ಹೇಳುತ್ತೇನೆ.

ಇಷ್ಟರಿಂದ ಸಾಲದಿದ್ದರೆ ಮಾತಿನ ಚಿಕಿತ್ಸೆ ಮತ್ತು ಮಾತ್ರೆ ಇವೆ. ಸಿಬಿಟಿ ಎಂಬ ಮಾತಿನ ಚಿಕಿತ್ಸೆಯನ್ನು ಈ ಖಿನ್ನತೆಗೆಂದೇ ಹೊಂದಿಸಿ ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಬೆಳಕಿನ ಜೊತೆ ಹೋಲಿಸಿ ನೋಡಿದಾಗ, ಆ ಚಳಿಗಾಲಕ್ಕೆ ಎರಡೂ ಸಮವಾಗಿದ್ದವು. ಎರಡು ಚಳಿಗಾಲಗಳು ಕಳೆದ ಮೇಲೆ ಸಿಬಿಟಿ ಪಡೆದವರಲ್ಲಿ ಮರುಕಳಿಕೆ ಕಡಿಮೆಯಿತ್ತು. ಅಲ್ಲೇ ಕೆಲವು ವರ್ಷ ಇರಬೇಕಾದವಳಿಗೆ ಇದು ಗಮನಿಸಬೇಕಾದ ಮಾತು. ಸರ್ಟ್ರಲಿನ್, ಫ್ಲುಯಾಕ್ಸೆಟಿನ್‌ನಂತಹ ಮಾತ್ರೆಗಳು ನಶೆಯ ಪದಾರ್ಥದಂತೆ ಚಟ ಹಿಡಿಸುವುದಿಲ್ಲ. ಹೊಟ್ಟೆ ತೊಳಸುವುದು, ಮೊದಲ ವಾರಗಳಲ್ಲಿ ಚಡಪಡಿಕೆ, ಲೈಂಗಿಕ ಆಸಕ್ತಿ ಕುಗ್ಗುವುದು ಅವುಗಳ ತೊಂದರೆಗಳು. ಫಲ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ ಆಗುವುದರಿಂದ ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಬೇಕು. ಈ ಇಳಿಸುವಿಕೆಯನ್ನೇ ನಮ್ಮ ಜನ ‘ಅಭ್ಯಾಸವಾಗಿದೆ’ ಎಂದು ತಪ್ಪು ತಿಳಿಯುತ್ತಾರೆ. ಚಿಕಿತ್ಸೆ ಪಡೆದ ಮಾತ್ರಕ್ಕೆ ಅಲ್ಲಿ ನರ್ಸಿನ ನೋಂದಣಿಗೆ ಕುತ್ತು ಬರುವುದಿಲ್ಲ, ವೈದ್ಯರ ದಾಖಲೆ ಗುಟ್ಟಾಗಿರುತ್ತದೆ. ಮದುವೆಯ ವಿಚಾರದಲ್ಲಿ ನನ್ನದು ಒಂದೇ ಮಾತು: ಕಾಯಿಲೆಯನ್ನು ಚಿಕಿತ್ಸೆಯಿಲ್ಲದೆ ಬಿಟ್ಟದ್ದರಿಂದ ಹಾಳಾದ ಸಂಸಾರಗಳನ್ನೇ ನಾನು ಹೆಚ್ಚು ಕಂಡಿದ್ದೇನೆ.

ಕೆಲಸ ಬಿಡಿಸಿ ಕರೆಸಿಕೊಳ್ಳಬೇಕೆಂಬ ತಾಯಿಯ ಹಂಬಲ ನನಗೆ ಅರ್ಥವಾಗುತ್ತದೆ. ಊರಿಗೆ ಬಂದರೆ ಎರಡು ವಾರದಲ್ಲಿ ಆಕೆ ಚಿಗುರುವುದೂ ಬಹುಮಟ್ಟಿಗೆ ಖಚಿತ. ಆದರೆ ಬದುಕಿನ ದೊಡ್ಡ ತೀರ್ಮಾನವನ್ನು ಖಿನ್ನತೆಯ ನಡುವೆ ಮಾಡಿದವರು ಮೇ ತಿಂಗಳಲ್ಲಿ ಪಶ್ಚಾತ್ತಾಪ ಪಡುವುದುಂಟು. ಈ ವರ್ಷ ಸಾಧ್ಯವಿದ್ದರೆ ಒಂದೆರಡು ವಾರದ ರಜೆಗೆ ಬರಲಿ. ಹಿಂದಿರುಗಿದ ಮೇಲೆ ಮಂಕು ಮರಳಬಹುದೆಂದು ತಿಳಿದೇ ಬರಲಿ. ಮುಂದಿನ ವರ್ಷದಿಂದ ವಾರ್ಷಿಕ ರಜೆಯನ್ನು ಬೇಸಿಗೆಯ ಮದುವೆ ಮುಂಜಿಗಳಿಗೆ ಎತ್ತಿಡದೆ ಜನವರಿಯಲ್ಲಿ ತೆಗೆದುಕೊಳ್ಳಲಿ, ದೀಪವನ್ನು ಮಂಕು ಆರಂಭವಾಗುವ ಮೊದಲೇ, ಅಕ್ಟೋಬರ್‌ನಲ್ಲೇ ಹಚ್ಚಲಿ.

ಹಾಗಾದರೆ ‘ಇನ್ನೊಂದು ತಿಂಗಳು ತಡೆದುಕೋ’ ಎನ್ನುವುದರಲ್ಲಿ ತಪ್ಪೇನು? ಅಲ್ಲಿ ಈಗ ಹಗಲು ದಿನಕ್ಕೆ ನಾಲ್ಕೈದು ನಿಮಿಷ ಬೆಳೆಯುತ್ತಿದೆ, ಮಾರ್ಚ್ ಕೊನೆಗೆ ಹದಿಮೂರು ಗಂಟೆಯ ಹತ್ತಿರ ಬರುತ್ತದೆ. ನಿಮ್ಮ ಮಾತು ಲೆಕ್ಕಕ್ಕೆ ಸರಿಯಾಗಿಯೇ ಇದೆ. ಆದರೆ ನೀವು ರೋಬಸ್ಟಾ ಬೆಳೆಗಾರರು. ಹೂಮಳೆ ಇಂದಲ್ಲ ನಾಳೆ ಬರುತ್ತದೆಂದು ಗೊತ್ತಿದ್ದೂ ಹೊಳೆಯಲ್ಲೋ ಕೆರೆಯಲ್ಲೋ ನೀರಿದ್ದರೆ ಫೆಬ್ರವರಿಯಲ್ಲೇ ಸ್ಪ್ರಿಂಕ್ಲರ್ ಹಾಕುತ್ತೀರಿ, ಏಕೆಂದರೆ ಮಳೆ ಬರುವವರೆಗೆ ಮೊಗ್ಗು ಕಾಯುವುದಿಲ್ಲ. ಹೂವಿನ ನೀರು ಕೊಟ್ಟು, ಕಾಯಿ ಕಚ್ಚಲು ಬೇಕಾದ ಎರಡನೆಯ ನೀರಾದ ಬ್ಯಾಕಿಂಗ್ ಕೊಡದೆ ಬಿಟ್ಟರೆ ಏನಾಗುತ್ತದೆಂಬುದೂ ನಿಮಗೆ ಗೊತ್ತು. ಮೊದಲ ಬಿಸಿಲು ಕಂಡ ಕೂಡಲೇ ದೀಪವನ್ನಾಗಲಿ ಮಾತ್ರೆಯನ್ನಾಗಲಿ ನಿಲ್ಲಿಸಿದವರು ಮಾರ್ಚ್‌ನಲ್ಲಿ ಮತ್ತೆ ಹಿಮ ಬಿದ್ದಾಗ ಜಾರುತ್ತಾರೆ. ಕಳೆದ ವರ್ಷ ಆಕೆ ಸರಿಹೋದದ್ದು ಏಪ್ರಿಲ್ ಕಳೆಯುವ ಹೊತ್ತಿಗೆ. ಅದೇ ಲೆಕ್ಕದಲ್ಲಿ ಎರಡು ತಿಂಗಳಿಗೂ ಹೆಚ್ಚು ಬಾಕಿಯಿದೆ. ಚಿಕಿತ್ಸೆಯಿಲ್ಲದೆ ಕಳೆಯಲು ಅದು ಬಹಳ ದೀರ್ಘ ಕಾಲ.

ವಸಂತದ ಬಗ್ಗೆ ಇನ್ನೊಂದು ತಪ್ಪು ತಿಳಿವಳಿಕೆಯನ್ನು ಹೇಳಲೇಬೇಕು. ಆತ್ಮಹತ್ಯೆಗಳು ಕಗ್ಗತ್ತಲೆಯ ಡಿಸೆಂಬರ್‌ನಲ್ಲಿ ಹೆಚ್ಚು ಎಂದು ಜನ ನಂಬಿದ್ದಾರೆ. ಅನೇಕ ದೇಶಗಳ ದಾಖಲೆಗಳಲ್ಲಿ ಅವು ಹೆಚ್ಚುವುದು ವಸಂತದಲ್ಲಿ, ಬೇಸಿಗೆಯ ಆರಂಭದಲ್ಲಿ. ಇದನ್ನು 19ನೆಯ ಶತಮಾನದಿಂದಲೂ ಗಮನಿಸಿದ್ದಾರೆ. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಹವೆ ತಿಳಿಯಾಯಿತೆಂದು ವಿಚಾರಿಸುವುದನ್ನು ನಿಲ್ಲಿಸಬೇಡಿ ಎಂಬುದಷ್ಟೇ ನನ್ನ ಮಾತು. ಆಕೆ ‘ನಾನಿದ್ದು ಏನು ಪ್ರಯೋಜನ’ ಎನ್ನುವಂತಹ ಮಾತಾಡಿದರೆ, ಕುಡಿತ ಹೆಚ್ಚಿದ್ದರೆ, ಕೆಲಸಕ್ಕೆ ಹೋಗುವುದನ್ನೇ ಬಿಟ್ಟಿದ್ದರೆ ದೀಪ, ನಡಿಗೆ ಎಂದು ಕಾಯಬಾರದು. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅಲ್ಲಿ ತುರ್ತಿಗೆ 999, ಸಲಹೆಗೆ 111, ಹಗಲು ರಾತ್ರಿ ಮಾತನಾಡಲು ಸಮಾರಿಟನ್ಸ್ ಸಂಸ್ಥೆಯ 116 123 ಇವೆ. ಇಲ್ಲಿ ನಿಮಗೇ ನಿದ್ದೆ ಬಾರದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತನಾಡಬಹುದು.

ಕೊನೆಯದಾಗಿ, ನಿಮ್ಮಿಬ್ಬರ ನಡುವಿನ ಮೌನ. ಕಕ್ಕಡದ ಮಾತನ್ನು ನೀವು ಪ್ರೀತಿಯಿಂದಲೇ ಹೇಳಿದ್ದೀರಿ, ಆಕೆಗೆ ಕೇಳಿಸಿದ್ದು ‘ನಿನ್ನದು ದೊಡ್ಡ ವಿಷಯವಲ್ಲ’ ಎಂದು. ದೀರ್ಘ ವಿವರಣೆ ಬೇಡ. ‘ಮಗಳೇ, ಅಲ್ಲಿಯ ಕತ್ತಲೆ ಬೇರೆ ಎಂದು ನನಗೆ ಗೊತ್ತಿರಲಿಲ್ಲ’ ಎಂದರೆ ಸಾಕು. ನೀವು ಬಹುಶಃ ರಾತ್ರಿ ಊಟದ ನಂತರ ಫೋನ್ ಮಾಡುತ್ತಿದ್ದೀರಿ. ಆಗ ಆಕೆ ಒಂದೋ ಪಾಳಿಯಲ್ಲಿರುತ್ತಾಳೆ, ಇಲ್ಲವೇ ಕತ್ತಲಾದ ಕೋಣೆಯಲ್ಲಿರುತ್ತಾಳೆ. ಈಗ ಅಲ್ಲಿಗೂ ಇಲ್ಲಿಗೂ ಐದೂವರೆ ಗಂಟೆಯ ಅಂತರವಿದೆ. ಅಲ್ಲಿ ಬೆಳಿಗ್ಗೆ ಏಳಾದಾಗ ನಿಮಗೆ ಮಧ್ಯಾಹ್ನ ಹನ್ನೆರಡೂವರೆ, ತೋಟದಿಂದ ಊಟಕ್ಕೆ ಬರುವ ಹೊತ್ತು. ದೀಪ ತರಿಸಿದ ಮೇಲೆ, ಆಕೆಗೆ ಒಪ್ಪಿಗೆಯಿದ್ದರೆ, ರಜೆಯ ದಿನಗಳಲ್ಲಿ ಆ ಅರ್ಧ ಗಂಟೆ ನಿಮ್ಮ ಫೋನಿನದಾಗಲಿ. ಹಾಸಿಗೆಯಿಂದ ಏಳಲು ಒಂದು ಕಾರಣ, ದೀಪದ ಮುಂದೆ ಕೂರಲು ಒಂದು ಕಾರಣ, ಎರಡೂ ಅದರಿಂದ ಸಿಗುತ್ತವೆ. ಮಾತು ಇಲ್ಲದಿದ್ದರೂ ಪರವಾಗಿಲ್ಲ, ಫೋನನ್ನು ಜಗಲಿಯ ಕಂಬಕ್ಕೆ ಒರಗಿಸಿಟ್ಟು ನೀವು ಊಟ ಮಾಡುತ್ತಿರಿ. ಕಣವನ್ನೋ ತೋಟವನ್ನೋ ತೋರಿಸಬೇಕೇ ಎಂದು ಮೊದಲು ಆಕೆಯನ್ನೇ ಕೇಳಿ. ಕೆಲವರಿಗೆ ಊರಿನ ಬಿಸಿಲು ನೋಡಿದರೆ ಹಿತವಾಗುತ್ತದೆ, ಕೆಲವರಿಗೆ ಸಂಕಟ ಹೆಚ್ಚುತ್ತದೆ. ಮಾರ್ಚ್‌ನ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಅಂದಿನಿಂದ ನೀವು ಹನ್ನೊಂದೂವರೆಗೇ ಮನೆಗೆ ಬರಬೇಕಾಗುತ್ತದೆ.